ಬೆನ್ನ ಮೇಲಿನ ಆಂಟೆನಾ

1901ರ ಡಿಸೆಂಬರ್‌ನಲ್ಲಿ ನ್ಯೂಫೌಂಡ್‌ಲ್ಯಾಂಡ್ ದ್ವೀಪಕ್ಕೆ ಬಂದಿಳಿದ ಮಾರ್ಕೋನಿಯವರ ಸಾಮಾನಿನಲ್ಲಿ ಗಾಳಿಪಟಗಳಿದ್ದವು, ಬಲೂನುಗಳಿದ್ದವು. ಅಟ್ಲಾಂಟಿಕ್ ಸಾಗರದ ಆಚೆಯಿಂದ ಈಚೆಗೆ ನಿಸ್ತಂತು ಸಂದೇಶ ತರುವುದು ಅವರ ಹಟ. ಅದಕ್ಕಾಗಿ ಇಂಗ್ಲೆಂಡಿನ ಪೋಲ್ಡುವಿನಲ್ಲಿ ಇಪ್ಪತ್ತು ಎತ್ತರದ ಕಂಬಗಳ ಭಾರೀ ಆಂಟೆನಾ ಕಟ್ಟಿಸಿದ್ದರು. ಸೆಪ್ಟೆಂಬರ್‌ನ ಬಿರುಗಾಳಿ ಅದನ್ನು ಉರುಳಿಸಿತು. ಅಮೆರಿಕದ ಕೇಪ್ ಕಾಡ್‌ನಲ್ಲಿ ಎದ್ದಿದ್ದ ಅದರ ಜೋಡಿಯೂ ನವೆಂಬರ್‌ನಲ್ಲಿ ನೆಲ ಕಚ್ಚಿತು. ಪೋಲ್ಡುವಿನಲ್ಲಿ ಚಿಕ್ಕದೊಂದನ್ನು ಮತ್ತೆ ನಿಲ್ಲಿಸಿದರು. ಕೇಳುವ ಕಡೆಗೆ ಹೊಸ ಕಂಬಗಳನ್ನು ಕಟ್ಟುತ್ತ ಕೂರುವಷ್ಟು ಸಹನೆ ಅವರಿಗಿರಲಿಲ್ಲ, ಹೊತ್ತು ತರಬಹುದಾದ ಆಂಟೆನಾ ತಂದರು.

ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ ಗಾಳಿ ಬಲೂನನ್ನು ಕಿತ್ತೊಯ್ದಿತು. ಕೊನೆಗೆ ಒಂದು ಗಾಳಿಪಟ ನಿಂತಿತು, ಅದರ ಜೊತೆಗೆ ಸುಮಾರು 150 ಮೀಟರ್ ಉದ್ದದ ತಂತಿ ಮೇಲೇರಿತು. ಡಿಸೆಂಬರ್ 12ರಂದು ಕಿವಿಗೆ ಹಿಡಿದ ಟೆಲಿಫೋನ್ ರಿಸೀವರಿನಲ್ಲಿ ಮೂರು ಚುಕ್ಕಿ, ಮೋರ್ಸ್‌ನ 'ಎಸ್' ಅಕ್ಷರ, ಕೇಳಿಸಿತು ಎಂದು ಮಾರ್ಕೋನಿ ಸಾರಿದರು. ನಿಜಕ್ಕೂ ಅವರು ಕೇಳಿದ್ದು ಅದೇನಾ ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ಆ ಚರ್ಚೆಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅಲ್ಲಿ ನಡೆದ ಇನ್ನೊಂದು ಸಣ್ಣ ಸಂಗತಿ. ಗಾಳಿಪಟ ಮೇಲೆ ಕೆಳಗೆ ತೂಗಾಡಿದಂತೆಲ್ಲ ತಂತಿಗೂ ನೆಲಕ್ಕೂ ಇರುವ ವಿದ್ಯುತ್ ಸಂಬಂಧ ಬದಲಾಗುತ್ತಿತ್ತು. ಹಾಗಾಗಿ ಶ್ರುತಿ ಮಾಡಿದ ಗ್ರಾಹಕ ಯಂತ್ರ ಶ್ರುತಿಯಲ್ಲಿ ನಿಲ್ಲಲೇ ಇಲ್ಲ. ಅದನ್ನು ಬದಿಗಿಟ್ಟು, ಶ್ರುತಿಯ ಹಂಗಿಲ್ಲದ ಹಳೆಯ ಬಗೆಯ ಸರಳ ಗ್ರಾಹಕವನ್ನೇ ಅವರು ಬಳಸಬೇಕಾಯಿತು.

ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡಕ್ಕೋ ಕಡಲತಡಿಗೋ ಹೊರಡುವ ಇವತ್ತಿನ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊಗಾರ, ಎದುರಿಸುವುದೂ ಇದನ್ನೇ. ಮನೆಯ ತಾರಸಿಯ ಮೇಲಿನ ಆಂಟೆನಾವನ್ನು ಒಮ್ಮೆ ಕಟ್ಟಿ, ಒಮ್ಮೆ ಅಳೆದು, ವರ್ಷಗಟ್ಟಲೆ ಮರೆತುಬಿಡಬಹುದು. ಹೊತ್ತೊಯ್ಯುವ ಆಂಟೆನಾ ಹೋದ ಕಡೆಯಲ್ಲೆಲ್ಲ ಹೊಸದಾಗಿ ಹುಟ್ಟುತ್ತದೆ. ಕೆಳಗಿನ ಮಣ್ಣು, ಕಟ್ಟಿದ ಎತ್ತರ, ಪಕ್ಕದ ಮರ, ಎಲ್ಲವೂ ಅದರ ಭಾಗವೇ ಆಗುತ್ತವೆ. ಆದ್ದರಿಂದ ಯಾವ ಆಂಟೆನಾ ಕೊಳ್ಳಲಿ ಎಂದು ಕೇಳುವ ಹೊಸಬರಿಗೆ ನಾನು ಮೊದಲು ಕೇಳುವುದು ಎರಡು ಮಾತು: ಎಲ್ಲಿಗೆ ಹೋಗುತ್ತೀರಿ? ಅಲ್ಲಿಂದ ಯಾರ ಜೊತೆ ಮಾತಾಡಬೇಕು?

ಉತ್ತರ ಹುಡುಕಲು ಒಂದು ಸಣ್ಣ ಲೆಕ್ಕ ಬೇಕು. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ತರಂಗಾಂತರ ಮೀಟರ್‌ಗಳಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಅದು ಸುಮಾರು 42 ಮೀಟರ್, ಹ್ಯಾಮ್‌ಗಳ ಮಾತಿನಲ್ಲಿ '40 ಮೀಟರ್ ಬ್ಯಾಂಡ್'. ತರಂಗಾಂತರದ ಅರ್ಧದಷ್ಟು ಉದ್ದದ ತಂತಿಯಲ್ಲಿ ವಿದ್ಯುತ್ತು ಅತ್ತಿಂದಿತ್ತ ಓಡುವ ಲಯವೂ ರೇಡಿಯೊ ತರಂಗದ ಲಯವೂ ಕೂಡಿಕೊಳ್ಳುತ್ತವೆ. ವೀಣೆಯ ತಂತಿಗೆ ತನ್ನ ಉದ್ದಕ್ಕೆ ತಕ್ಕ ಸ್ವರ ಇರುವ ಹಾಗೆ ಇದು. ನಿಜದ ತಂತಿಯಲ್ಲಿ ಉದ್ದವನ್ನು ತುಸು ಕಡಿಮೆ ಮಾಡಬೇಕು: 143ನ್ನು ಆವರ್ತನದಿಂದ ಭಾಗಿಸಿದರೆ ಸರಿಹೋಗುತ್ತದೆ. 7.1ಕ್ಕೆ ಸುಮಾರು 20 ಮೀಟರ್, 14.2ಕ್ಕೆ 10 ಮೀಟರ್. ಈ ತಂತಿಯನ್ನು ನಡುವೆ ಕತ್ತರಿಸಿ, ಕತ್ತರಿಸಿದ ಕಡೆಯ ಎರಡು ತುದಿಗಳಿಗೆ ಕೇಬಲ್ ಸೇರಿಸಿದರೆ ಅದೇ ಡೈಪೋಲ್. ಒಂದು ಕಂಬದ ತುದಿಗೆ ಅದರ ನಡುಭಾಗವನ್ನು ಏರಿಸಿ, ಎರಡು ಕಾಲುಗಳನ್ನು ಇಳಿಜಾರಾಗಿ ಎಳೆದು ಗಿಡಕ್ಕೋ ಗೂಟಕ್ಕೋ ಕಟ್ಟಿದರೆ ತಲೆಕೆಳಗಾದ 'ವಿ' ಆಕಾರ. ತಂತಿ, ಹಗ್ಗ, ಕೇಬಲ್ ಎಲ್ಲ ಸೇರಿ ಒಂದು ಕಿಲೊ ಆಗುವುದಿಲ್ಲ. ಬೆಲೆಗೂ ಕೆಲಸಕ್ಕೂ ಇದನ್ನು ಮೀರಿಸುವ ಆಂಟೆನಾ ನಾನು ಕಂಡಿಲ್ಲ.

ಈಗ ಆ ಎರಡನೆಯ ಪ್ರಶ್ನೆ. ಮಡಿಕೇರಿಯ ಬೆಟ್ಟಗಳ ನಡುವೆ ನಿಂತು ಬೆಂಗಳೂರಿನ ಜೊತೆ ಮಾತಾಡಬೇಕು ಅನ್ನಿ. ನೇರ ದೂರ ಸುಮಾರು 210 ಕಿ.ಮೀ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟಿನ ಅಲೆಗಳು ನೇರ ಗೆರೆಯಲ್ಲಿ ಸಾಗುತ್ತವೆ, ಎದುರಿನ ಬೆಟ್ಟಕ್ಕೆ ಬಡಿದು ಅಲ್ಲಿಗೇ ನಿಲ್ಲುತ್ತವೆ. ಇಲ್ಲಿ ದಾರಿ ಇರುವುದು ನೆತ್ತಿಯ ಮೇಲೆ. 40 ಮೀಟರ್ ಬ್ಯಾಂಡ್‌ನ ಡೈಪೋಲನ್ನು ಐದಾರು ಮೀಟರ್ ಎತ್ತರದಲ್ಲೇ ಕಟ್ಟಿದರೆ ಅದರ ಬಹುಪಾಲು ಶಕ್ತಿ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. 250-300 ಕಿ.ಮೀ. ಎತ್ತರದ ಅಯಾನುಗೋಳಕ್ಕೆ ತಾಗಿ, ಕಾರಂಜಿಯ ನೀರಿನಂತೆ ಸುತ್ತಲೂ ಇಳಿಯುತ್ತದೆ. ಕಣಿವೆಯ ಗೋಡೆ ಎಷ್ಟೇ ಎತ್ತರವಿದ್ದರೂ ಆಕಾಶ ತೆರೆದೇ ಇರುತ್ತದಲ್ಲ. ನಡುವೆ ಕುರುಡು ಜಾಗವಿಲ್ಲದೆ ಮುನ್ನೂರು ನಾನೂರು ಕಿ.ಮೀ.ವರೆಗೆ ಸುತ್ತಲೂ ಮಾತು ತಲುಪುತ್ತದೆ. ಆಂಟೆನಾ ಎತ್ತರವಿದ್ದಷ್ಟೂ ಒಳ್ಳೆಯದು ಎಂದು ನಂಬಿದವರಿಗೆ ಇದು ವಿಚಿತ್ರ ಎನಿಸುತ್ತದೆ. ಹತ್ತಿರದವರ ಜೊತೆ ಮಾತಾಡಲು ಮಾತ್ರ ತಗ್ಗಿನ ಡೈಪೋಲೇ ಸರಿ. ಹಗಲಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ರಾತ್ರಿ ಸರಿದಂತೆ ಅಯಾನುಗೋಳ ತೆಳುವಾಗುತ್ತದೆ, ನೆಟ್ಟಗೆ ಹೋದ 7 ಮೆಗಾಹರ್ಟ್ಸ್ ಅಲೆ ಹಿಂತಿರುಗದೆ ಅದನ್ನು ತೂರಿಹೋಗಬಹುದು. ಆಗ ಪಕ್ಕದ ಜಿಲ್ಲೆಯವರು ಮಾಯವಾಗಿ ದೂರದ ದೇಶದವರು ಕೇಳಿಸತೊಡಗುತ್ತಾರೆ.

ಯಾರ ಜೊತೆ ಮಾತಾಡಬೇಕು ಎಂಬುದು ಇದ್ದಕ್ಕಿದ್ದಂತೆ ಬದಲಾಗಲೂಬಹುದು. 2004ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡವೊಂದು ಭಾರತಿ ಪ್ರಸಾದ್ ಅವರ ಮುಂದಾಳ್ತನದಲ್ಲಿ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಅಲ್ಲಿಂದ ಹ್ಯಾಮ್‌ಗಳು ಪ್ರಸಾರ ಮಾಡಿ ಬಹಳ ವರ್ಷಗಳಾಗಿದ್ದವು. ಪ್ರಪಂಚದ ಮೂಲೆಮೂಲೆಯವರ ಜೊತೆ ಸಂಪರ್ಕ ಸಾಧಿಸುವುದು ಅವರ ಉದ್ದೇಶ. ಡಿಸೆಂಬರ್ 26ರ ಭೂಕಂಪ, ಅದರ ಹಿಂದೆಯೇ ಬಂದ ಸುನಾಮಿ ಎಲ್ಲವನ್ನೂ ಬದಲಿಸಿದವು. ಫೋನು ಸತ್ತುಹೋಗಿದ್ದ ದ್ವೀಪಗಳಿಂದ ಬದುಕಿದವರ ಸುದ್ದಿಯನ್ನು ಅವರ ಮನೆಯವರಿಗೆ ಮುಟ್ಟಿಸಿದ್ದು ಇದೇ ತಂಡ, ಮೋಜಿಗೆಂದು ತಂದಿದ್ದ ಅದೇ ಉಪಕರಣಗಳಿಂದ. ಹ್ಯಾಮ್‌ಗಳು ಕಾರ್ ನಿಕೋಬಾರ್‌ಗೂ ಹೋದರು. ಪೋರ್ಟ್ ಬ್ಲೇರ್‌ನಿಂದ ಅದು ಸುಮಾರು 280 ಕಿ.ಮೀ., ಚೆನ್ನೈ ಸಾವಿರದ ಮುನ್ನೂರಕ್ಕೂ ಹೆಚ್ಚು. ಒಂದೇ ತಂಡಕ್ಕೆ ಒಂದೇ ವಾರದಲ್ಲಿ ಭೂಮಿಯ ಆಚೆ ಬದಿ, ಮುಖ್ಯಭೂಮಿ, ಪಕ್ಕದ ದ್ವೀಪ ಮೂರೂ ಬೇಕಾಗಿದ್ದವು. ದೂರಕ್ಕೆ ತಕ್ಕಂತೆ ಅಲೆ ಆಕಾಶಕ್ಕೇರಬೇಕಾದ ಕೋನ ಬದಲಾಗುತ್ತದೆ, ಕೋನಕ್ಕೆ ತಕ್ಕಂತೆ ಆಂಟೆನಾ. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಅಂಗಡಿಯ ಪಟ್ಟಿಯಲ್ಲಿರುವ ನೂರು ಹೆಸರುಗಳು ಹೆದರಿಸುವುದಿಲ್ಲ.

ದೂರ ಹೋಗಬೇಕಾದರೆ ಅಲೆ ದಿಗಂತದ ಹತ್ತಿರ, ತಗ್ಗಿನ ಕೋನದಲ್ಲಿ ಹೊರಡಬೇಕು. ಡೈಪೋಲಿಗೆ ಆ ಗುಣ ಬರಲು ಅದನ್ನು ಅರ್ಧ ತರಂಗಾಂತರದಷ್ಟಾದರೂ ಮೇಲೆ ಕಟ್ಟಬೇಕು. 20 ಮೀಟರ್ ಬ್ಯಾಂಡ್‌ನಲ್ಲಿ ಹತ್ತು ಮೀಟರ್ ಎತ್ತರ ಮರದ ನೆರವಿನಿಂದ ಸಾಧ್ಯ. 40ರಲ್ಲಿ ಇಪ್ಪತ್ತು ಮೀಟರ್ ಬೇಕು, ಅದು ಚೀಲದಲ್ಲಿ ಹೊತ್ತೊಯ್ಯುವ ಎತ್ತರವಲ್ಲ. ಇಂಥಲ್ಲಿ ನೆಟ್ಟಗೆ ನಿಲ್ಲುವ ವರ್ಟಿಕಲ್ ಆಂಟೆನಾ ನೆರವಿಗೆ ಬರುತ್ತದೆ. 20 ಮೀಟರ್ ಬ್ಯಾಂಡ್‌ಗೆ ಐದು ಮೀಟರ್ ಉದ್ದದ ತಂತಿ ಮೇಲಕ್ಕೆ, ಅಷ್ಟೇ ಉದ್ದದ ಕೆಲವು ತಂತಿಗಳು ನೆಲದ ಮೇಲೆ ಹರಡಿ. ನೆಲದ ಈ ತಂತಿಗಳಿಗೆ ರೇಡಿಯಲ್ ಎನ್ನುತ್ತಾರೆ. ಇವುಗಳಲ್ಲಿ ಜಿಪುಣತನ ಮಾಡಬಾರದು. ಆಂಟೆನಾದ ಕಾಣದ ಅರ್ಧ ಅದು. ಅದು ಇಲ್ಲದಿದ್ದರೆ ವಿದ್ಯುತ್ತು ಮಣ್ಣಿನಲ್ಲಿ ಹರಿದು ಮಣ್ಣನ್ನು ಬಿಸಿ ಮಾಡುತ್ತದೆ.

ವರ್ಟಿಕಲ್‌ನ ಭಾಗ್ಯ ತೆರೆಯುವುದು ಕಡಲ ಅಂಚಿನಲ್ಲಿ. ಸಾಮಾನ್ಯ ಮಣ್ಣಿಗಿಂತ ಸಮುದ್ರದ ಉಪ್ಪುನೀರು ಸುಮಾರು ಸಾವಿರ ಪಟ್ಟು ಚೆನ್ನಾಗಿ ವಿದ್ಯುತ್ತನ್ನು ಹರಿಸುತ್ತದೆ. ಮಣ್ಣಿನ ಮೇಲೆ ತಗ್ಗಿನ ಕೋನದ ಶಕ್ತಿ ನೆಲಕ್ಕೆ ಸೋರಿಹೋಗುತ್ತದೆ, ನೀರಿನ ಮೇಲೆ ಅದು ಜಾರಿ ದಿಗಂತದ ಕಡೆಗೆ ಹೋಗುತ್ತದೆ. ದೂರದ ದ್ವೀಪಗಳಿಗೆ ಹೋಗುವ ತಂಡಗಳು ಅಲೆ ಬಡಿಯುವ ಅಂಚಿನಲ್ಲೇ ವರ್ಟಿಕಲ್ ನೆಡುವುದು ಈ ಕಾರಣಕ್ಕೆ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮಲ್ಲೂ ಮುನ್ನೂರು ಕಿ.ಮೀ.ಗೂ ಹೆಚ್ಚು ಕಡಲತಡಿ ಇದೆ, ಅದರ ಎದುರಿಗೆ ಅರಬ್ಬೀ ಸಮುದ್ರ, ಆಚೆ ಆಫ್ರಿಕಾ. ಐದು ವಾಟಿನ ಸೆಟ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅದೇ ವರ್ಟಿಕಲನ್ನು ಬಿರುಬೇಸಿಗೆಯಲ್ಲಿ ಒಣಗಿದ ಬಂಡೆಗುಡ್ಡದ ಮೇಲೆ ನಿಲ್ಲಿಸಿದರೆ ಡೈಪೋಲೇ ಮೇಲು ಎನಿಸುತ್ತದೆ.

ಗುಡ್ಡ ಹತ್ತುವವರಲ್ಲಿ ಈಗ ಬಹಳ ಪ್ರಿಯವಾಗಿರುವುದು ತುದಿಯಿಂದ ಶಕ್ತಿ ಕೊಡುವ ಅರ್ಧತರಂಗದ ತಂತಿ. ಅದೇ 20 ಮೀಟರ್ ತಂತಿ, ಆದರೆ ನಡುವೆ ಕತ್ತರಿಸದೆ ಒಂದು ತುದಿಯಲ್ಲೇ ಕೇಬಲ್ ಸೇರಿಸುತ್ತಾರೆ. ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಸೆಟ್ಟಿನ ಕಡೆಗೆ. 7, 14, 21, 28 ಮೆಗಾಹರ್ಟ್ಸ್ ನಾಲ್ಕೂ ಬ್ಯಾಂಡ್‌ಗಳಲ್ಲಿ ಕೆಲಸ ಮಾಡುತ್ತದೆ. ತಂತಿಯ ತುದಿಯಲ್ಲಿ ವೋಲ್ಟೇಜ್ ಹೆಚ್ಚು, ಕರೆಂಟ್ ಕಡಿಮೆ. ಹಾಗಾಗಿ ಅಲ್ಲಿನ ಇಂಪೀಡೆನ್ಸ್ ಎರಡೂವರೆ ಸಾವಿರ ಓಮ್ ಹತ್ತಿರ ಇರುತ್ತದೆ. ಸೆಟ್ಟಿಗೆ ಬೇಕಾದದ್ದು 50. ಇವೆರಡರ ನಡುವೆ ಫೆರೈಟ್ ಉಂಗುರಕ್ಕೆ ಸುತ್ತಿದ 49:1 ಟ್ರಾನ್ಸ್‌ಫಾರ್ಮರ್ ಕೂರುತ್ತದೆ, ಎರಡು ಸುತ್ತಿಗೆ ಹದಿನಾಲ್ಕು ಸುತ್ತು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಡಬ್ಬಿಯಲ್ಲಿ ಹಿಡಿಸುವ ಇದನ್ನು ಮನೆಯಲ್ಲೇ ಸುತ್ತಿಕೊಳ್ಳಿ ಎಂದೇ ನನ್ನ ಸಲಹೆ. ಒಂದು ಎಚ್ಚರ: 100 ವಾಟ್ ಹರಿಸಿದರೆ ಆ ತುದಿಯಲ್ಲಿ ಸುಮಾರು 500 ವೋಲ್ಟ್ ನಿಲ್ಲುತ್ತದೆ. 5 ವಾಟಿನಲ್ಲೂ ನೂರು ದಾಟುತ್ತದೆ. ನೋಡಲು ಬಂದ ಮಕ್ಕಳ ಕೈಗೆ ತಂತಿಯ ಯಾವ ತುದಿಯೂ ಎಟುಕಬಾರದು.

ಇಷ್ಟುದ್ದದ ತಂತಿಯ ಗೋಜು ಬೇಡ, ಒಂದೂವರೆ ಎರಡು ಮೀಟರ್ ಕಡ್ಡಿ ಸಾಕು ಎನ್ನುವ ಜಾಹೀರಾತುಗಳಿಗೆ ಕೊರತೆಯಿಲ್ಲ. ಕಡ್ಡಿಯ ಬುಡದಲ್ಲಿ ಕಾಯಿಲ್ ಇಟ್ಟು ಅದನ್ನು ಯಾವ ಬ್ಯಾಂಡ್‌ಗಾದರೂ ಅನುರಣನಕ್ಕೆ ತರಬಹುದು, ನಿಜ. ಲೆಕ್ಕ ನೋಡೋಣ. ಎರಡು ಮೀಟರ್ ಕಡ್ಡಿಗೆ 7 ಮೆಗಾಹರ್ಟ್ಸ್‌ನಲ್ಲಿ ವಿಕಿರಣ ರೋಧ ಸುಮಾರು 1 ಓಮ್. ಆಕಾಶಕ್ಕೆ ಹೋಗುವ ಶಕ್ತಿಯೆಲ್ಲ ಈ 1 ಓಮ್ ಪಾಲಿನದು. ಕಾಯಿಲ್‌ನ ತಂತಿ ಮತ್ತು ನೆಲ ಸೇರಿ ಇಪ್ಪತ್ತು ಓಮ್ ನಷ್ಟ ಒಡ್ಡಿದರೆ ಐದು ವಾಟಿನಲ್ಲಿ ಕಾಲು ವಾಟ್ ಮಾತ್ರ ಹೊರಗೆ ಹೋಗುತ್ತದೆ. ಮಿಕ್ಕಿದ್ದೆಲ್ಲ ಬಿಸಿಯಾಗಿ ಕಳೆದುಹೋಗುತ್ತದೆ. ಹೊಸಬರನ್ನು ದಾರಿ ತಪ್ಪಿಸುವ ಸಂಗತಿ ಇನ್ನೊಂದಿದೆ: ನೆಲದ ನಷ್ಟ ಇನ್ನಷ್ಟು ಹೆಚ್ಚಾಗಿ ಒಟ್ಟು ರೋಧ 50 ಓಮ್‌ಗೆ ಹತ್ತಿರವಾದಷ್ಟೂ ಎಸ್‌ಡಬ್ಲ್ಯುಆರ್ ಮೀಟರ್ ಸೊಗಸಾದ ಅಂಕಿ ತೋರಿಸುತ್ತದೆ. ಏಕೆಂದರೆ ಸೆಟ್ಟಿನಿಂದ ಹೋದ ಶಕ್ತಿಯಲ್ಲಿ ಎಷ್ಟು ಹಿಂದೆ ಬಂತು ಎಂಬುದಷ್ಟೇ ಆ ಮೀಟರ್‌ಗೆ ಗೊತ್ತು. ಮುಂದೆ ಹೋದದ್ದು ಆಕಾಶಕ್ಕೇರಿತೋ ಮಣ್ಣಿಗಿಳಿಯಿತೋ ಅದಕ್ಕೆ ಗೊತ್ತಿಲ್ಲ. ಎಸ್‌ಡಬ್ಲ್ಯುಆರ್ 2:1 ಇದ್ದರೆ ಹಿಂತಿರುಗುವುದು ನೂರಕ್ಕೆ ಹನ್ನೊಂದು ಪಾಲು ಮಾತ್ರ. 2:1 ತೋರಿಸುವ ಪೂರ್ಣ ಉದ್ದದ ತಂತಿ, 1:1 ತೋರಿಸುವ ಕುಳ್ಳು ಕಡ್ಡಿಗಿಂತ ಎಷ್ಟೋ ಪಟ್ಟು ಒಳ್ಳೆಯ ಆಂಟೆನಾ. ಬಸ್ಸಿನಲ್ಲಿ ಪ್ರಯಾಣ ಮಾಡುವವರಿಗೆ, ಮರವೇ ಇಲ್ಲದ ಜಾಗಕ್ಕೆ ಹೋಗುವವರಿಗೆ ಕಡ್ಡಿಯೂ ಬೇಕಾಗಬಹುದು. ಕಳೆದುಕೊಳ್ಳುವುದು ಎಷ್ಟು ಎಂದು ತಿಳಿದು ಕೊಳ್ಳಲಿ ಅಷ್ಟೆ.

ವಿಎಚ್‌ಎಫ್‌ನ 2 ಮೀಟರ್ ಬ್ಯಾಂಡ್, ನಮ್ಮ ದೇಶದಲ್ಲಿ 144ರಿಂದ 146 ಮೆಗಾಹರ್ಟ್ಸ್, ಬೇರೆಯೇ ಲೋಕ. ಇಲ್ಲಿ ಅಯಾನುಗೋಳದ ನೆರವಿಲ್ಲ, ಕಣ್ಣಿಗೆ ಕಾಣುವ ದಿಗಂತಕ್ಕಿಂತ ತುಸು ಆಚೆಯವರೆಗೆ ಮಾತ್ರ ಸಂಪರ್ಕ. ಮೀಟರ್‌ಗಳಲ್ಲಿರುವ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಆ ದೂರ ಕಿ.ಮೀ.ನಲ್ಲಿ ಸಿಗುತ್ತದೆ. ನಂದಿಬೆಟ್ಟ ಸುತ್ತಲಿನ ಬಯಲಿನಿಂದ 550 ಮೀಟರ್‌ನಷ್ಟು ಮೇಲಿದೆ ಎಂದಿಟ್ಟುಕೊಂಡರೆ ಸುಮಾರು 97 ಕಿ.ಮೀ. ಆಯಿತು. ಬೆಂಗಳೂರು ಅದರೊಳಗೇ ಬರುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ನಿಂತವರಿಗೆ ಪಶ್ಚಿಮದ ಕಡೆ ಬೇರೆ ಬೆಟ್ಟ ಅಡ್ಡ ಬರದಿದ್ದಲ್ಲೆಲ್ಲ ಕಡಲವರೆಗೂ ದಾರಿ. ಹ್ಯಾಂಡಿ ಸೆಟ್ಟಿನ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಈ ಎತ್ತರವನ್ನು ಹಾಳುಮಾಡುತ್ತದೆ. ಅದನ್ನು ತೆಗೆದು ಅರ್ಧ ಮೀಟರ್‌ನ ಕಾಲುತರಂಗದ ಕಡ್ಡಿ ಹಾಕಿ. ಸೆಟ್ಟಿನ ಆಂಟೆನಾ ಕನೆಕ್ಟರಿನ ಹೊರಮೈಗೆ 49 ಸೆಂ.ಮೀ. ತಂತಿಯೊಂದನ್ನು ಕಟ್ಟಿ ಕೆಳಗೆ ಇಳಿಬಿಡಿ. ಕಡ್ಡಿಗೆ ಸಿಗದಿದ್ದ ಇನ್ನರ್ಧ ಸಿಕ್ಕಿದಂತಾಗುತ್ತದೆ. ದೂರದರ್ಶನದ ಕಾಲದಲ್ಲಿ ತಾರಸಿಯ ಆಂಟೆನಾದಿಂದ ಟಿವಿಗೆ ಇಳಿಯುತ್ತಿದ್ದ ಚಪ್ಪಟೆ ವೈರು ನೆನಪಿದೆಯೆ? 300 ಓಮ್‌ನ ಆ ವೈರಿನಲ್ಲೇ ಸುರುಳಿ ಸುತ್ತಿ ಜೇಬಿನಲ್ಲಿಡಬಹುದಾದ ಜೆ-ಪೋಲ್ ಆಂಟೆನಾ ಮಾಡಬಹುದು. ಕೊಂಬೆಗೆ ತೂಗುಹಾಕಿದರೆ ಕೆಲಸ ಮುಗಿಯಿತು.

ಇನ್ನು ಜೊತೆಯ ಸಾಮಾನು. ಮೊದಲನೆಯದು ಕಂಬ. ಮಡಚುವ ಫೈಬರ್ ಗ್ಲಾಸ್ ಕೋಲು ಆರರಿಂದ ಹತ್ತು ಮೀಟರ್‌ವರೆಗೆ ಸಿಗುತ್ತದೆ, ಒಣ ಬಿದಿರೂ ಆದೀತು. ಮಲೆನಾಡು ಕರಾವಳಿಗಳಲ್ಲಿ ಈಗ ಅಡಿಕೆ ಕೊಯ್ಯಲು, ಔಷಧಿ ಹೊಡೆಯಲು ಬಳಸುವ ಹಗುರವಾದ ಉದ್ದನೆಯ ದೋಟಿ ನೋಡಿದರೆ ಯಾವ ಹ್ಯಾಮ್‌ಗೂ ಆಸೆಯಾಗುತ್ತದೆ. ಆದರೆ ಅದು ಕಾರ್ಬನ್ ಫೈಬರ್. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ, ತಂತಿಯ ಪಕ್ಕ ನಿಂತು ಆಂಟೆನಾದ ಶ್ರುತಿ ಕೆಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ತೋಟದ ಮೇಲೆ ಹಾದುಹೋಗುವ ಕರೆಂಟಿನ ತಂತಿಗೆ ತಾಗಿದರೆ ಪ್ರಾಣ ಹೋಗುತ್ತದೆ. ಕಂಬ ಯಾವುದೇ ಇರಲಿ, ಅದು ಪೂರ್ತಿ ಉರುಳಿದರೂ ಕರೆಂಟಿನ ತಂತಿಗೆ ಮುಟ್ಟದಷ್ಟು ದೂರದಲ್ಲಿ ನಿಲ್ಲಿಸಬೇಕು. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಬೆಟ್ಟದ ಮೇಲೆ ಗುಡುಗು ಕೇಳಿಸಿತೋ, ಸಂಪರ್ಕ ಅರ್ಧಕ್ಕೇ ನಿಂತರೂ ಸರಿ, ಕೇಬಲ್ ಬಿಚ್ಚಿ ಕೆಳಗಿಳಿಯಬೇಕು. ಇದರಲ್ಲಿ ರಾಜಿ ಇಲ್ಲ.

ಕೇಬಲ್ ವಿಷಯದಲ್ಲಿ ತೂಕಕ್ಕೂ ನಷ್ಟಕ್ಕೂ ಜಗಳ. ಹತ್ತು ಮೀಟರ್ ಆರ್‌ಜಿ-58 ಸುಮಾರು 400 ಗ್ರಾಂ ತೂಗುತ್ತದೆ. 14 ಮೆಗಾಹರ್ಟ್ಸ್‌ನಲ್ಲಿ ಎಂಟನೇ ಒಂದು ಪಾಲು ಶಕ್ತಿ ತಿನ್ನುತ್ತದೆ. ತೆಳ್ಳನೆಯ ಆರ್‌ಜಿ-174 ತೂಕ ಮೂರನೇ ಒಂದು ಪಾಲು, ತಿನ್ನುವುದು ನಾಲ್ಕನೇ ಒಂದು. ಶಾರ್ಟ್‌ವೇವ್‌ನಲ್ಲಿ ಈ ವ್ಯತ್ಯಾಸ ಕಿವಿಗೆ ತಿಳಿಯುವುದೇ ಇಲ್ಲ, ದೂರ ನಡೆಯುವವರು ತೆಳ್ಳಗಿನದನ್ನೇ ಒಯ್ಯಲಿ. 145ರಲ್ಲಿ ಕತೆ ಬೇರೆ: ಮೂವತ್ತು ಮೀಟರ್ ಆರ್‌ಜಿ-58 ಆಂಟೆನಾಗೆ ಮುಟ್ಟಿಸುವುದು ನಾಲ್ಕರಲ್ಲಿ ಒಂದು ಪಾಲು. ಅಲ್ಲಿ ಕೇಬಲ್ ಗಿಡ್ಡವಿರಲಿ, ಇಲ್ಲವೇ ದಪ್ಪವಿರಲಿ. ಕೇಬಲನ್ನೇ ಫೆರೈಟ್ ಉಂಗುರಕ್ಕೆ ಹತ್ತು ಹನ್ನೆರಡು ಸುತ್ತು ಸುತ್ತಿದರೆ ಅದು ಚೋಕ್. ಕೇಬಲಿನ ಹೊರಮೈ ತಾನೂ ಆಂಟೆನಾ ಆಗದಂತೆ ಅದು ತಡೆಯುತ್ತದೆ. ತುದಿಯಿಂದ ಶಕ್ತಿ ಕೊಡುವ ತಂತಿಗೆ ಇದು ತೀರಾ ಬೇಕಾದದ್ದು.

ಬ್ಯಾಟರಿ ಎಷ್ಟು ದೊಡ್ಡದು ಎಂಬುದನ್ನು ಸೆಟ್ಟಿನ ವಾಟ್ ನಿರ್ಧರಿಸುತ್ತದೆ. ಐದು ವಾಟಿನ ಸೆಟ್ ಕೇಳುವಾಗ 0.4 ಆಂಪಿಯರ್, ಮಾತಾಡುವಾಗ 2 ಆಂಪಿಯರ್ ಎಳೆಯುತ್ತದೆ ಅನ್ನಿ. ಕಾಲು ಭಾಗ ಸಮಯ ಮಾತಾಡಿದರೆ ಸರಾಸರಿ 0.8. ನಾಲ್ಕು ಗಂಟೆಗೆ ಮೂರು ಚಿಲ್ಲರೆ ಆಂಪಿಯರ್-ಅವರ್. ಆರು ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಧಾರಾಳವಾಯಿತು, ತೂಕ ಒಂದು ಕಿಲೊದೊಳಗೆ. ಯುಪಿಎಸ್‌ನಲ್ಲಿರುವಂಥ 7 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಎರಡು ಕಿಲೊ ದಾಟುತ್ತದೆ. 100 ವಾಟಿನ ಸೆಟ್ಟಿಗೆ ಮಾತಾಡುವಾಗ ಇಪ್ಪತ್ತು ಆಂಪಿಯರ್ ಬೇಕು, ಅದರ ಬ್ಯಾಟರಿಗೆ ಇನ್ನೊಬ್ಬರ ಬೆನ್ನೇ ಬೇಕಾದೀತು. ಅಷ್ಟೆಲ್ಲ ಹೊತ್ತು ಗಳಿಸುವುದು 13 ಡೆಸಿಬೆಲ್, ಎದುರಿನವರ ಮೀಟರಿನಲ್ಲಿ ಎರಡು ಗೆರೆ. ಕುಳ್ಳು ಕಡ್ಡಿ ಬಿಟ್ಟು ಪೂರ್ಣ ತಂತಿ ಕಟ್ಟಿದರೂ ಅಷ್ಟೇ ಸಿಗುತ್ತದೆ. ತಂತಿಗೆ ತೂಕವೇ ಇಲ್ಲ.

ಅಂಗೈಯಲ್ಲಿ ಹಿಡಿಸುವ ನ್ಯಾನೊವಿಎನ್‌ಎ ಎಂಬ ಅಳತೆಯ ಉಪಕರಣ ಬಂದ ಮೇಲೆ ಆಂಟೆನಾ ಅಳೆಯುವುದು ಸುಲಭವಾಗಿದೆ. ಎಲ್ಲಿ ಅನುರಣಿಸುತ್ತಿದೆ ಎಂಬುದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಹೊಸ ಜಾಗದಲ್ಲಿ ತಂತಿಯ ತುದಿಯನ್ನು ಮಡಚಿ ಸರಿಮಾಡಲು ಅದು ಬೇಕು. ಆದರೆ ಆಂಟೆನಾ ಎಷ್ಟು ದೂರ ಕೇಳಿಸುತ್ತದೆ ಎಂಬುದಕ್ಕೆ ಉತ್ತರ ಅದರಲ್ಲಿಲ್ಲ. ಅದನ್ನು ಹೇಳಬಲ್ಲವರು ದೂರದಲ್ಲಿ ಕೇಳುತ್ತ ಕೂತವರು ಮಾತ್ರ. ಬೈನರಿ ಪಲ್ಸಾರ್ ಶೋಧನೆಗಾಗಿ 1993ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಜೋಸೆಫ್ ಟೇಲರ್ ಸ್ವತಃ ಹ್ಯಾಮ್. ಗದ್ದಲದಲ್ಲಿ ಹುದುಗಿದ ಕ್ಷೀಣ ಸಂಕೇತವನ್ನು ಹೆಕ್ಕುವುದೇ ಅವರ ವಿದ್ಯೆ. ಅವರು 2008ರಲ್ಲಿ ರೂಪಿಸಿದ ಡಬ್ಲ್ಯುಎಸ್‌ಪಿಆರ್ ಎಂಬ ವಿಧಾನದಲ್ಲಿ ಸೆಟ್ಟು ಎರಡು ನಿಮಿಷದ ಒಂದೊಂದು ಸರದಿಯಲ್ಲಿ ತನ್ನ ಕರೆಸಂಕೇತ, ಇರುವ ಜಾಗ, ವಾಟ್ ಇಷ್ಟನ್ನೇ ನಿಧಾನವಾಗಿ ಕಳಿಸುತ್ತದೆ. ಎಲ್ಲೆಲ್ಲೋ ಇರುವ ಕೇಳುಗ ಕೇಂದ್ರಗಳು ಕೇಳಿಸಿದ್ದನ್ನು ತಾವಾಗಿಯೇ ಅಂತರಜಾಲದಲ್ಲಿ ದಾಖಲಿಸುತ್ತವೆ. ಐದನೇ ಒಂದು ವಾಟ್ ಸಾವಿರಾರು ಕಿ.ಮೀ. ದೂರದಲ್ಲಿ ದಾಖಲಾಗುವುದು ಇಲ್ಲಿ ಮಾಮೂಲು. ಪರವಾನಗಿ ಇದ್ದವರು ಬೆಟ್ಟದ ಮೇಲೆ ಎರಡು ಆಂಟೆನಾ ಕಟ್ಟಿ, ಒಂದು ಸರದಿ ಇದರಲ್ಲಿ, ಮುಂದಿನ ಸರದಿ ಅದರಲ್ಲಿ ಕಳಿಸಿ. ಅಯಾನುಗೋಳ ನಿಮಿಷ ನಿಮಿಷಕ್ಕೂ ಏರಿಳಿಯುವುದರಿಂದ ಒಂದೆರಡು ಸರದಿಗೆ ನಿಲ್ಲಿಸದೆ ಒಂದು ಗಂಟೆಯಾದರೂ ಬದಲಾಯಿಸುತ್ತ ಹೋಗಿ. ಸಂಜೆ ಮನೆಗೆ ಬಂದು, ಒಂದೇ ಕೇಂದ್ರ ಎರಡನ್ನೂ ಕೇಳಿದ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಡೆಸಿಬೆಲ್‌ಗಳನ್ನು ಕಳೆಯಿರಿ. ಸಾವಿರ ಕಿ.ಮೀ. ಒಳಗಿನ ಕೇಂದ್ರಗಳ ಲೆಕ್ಕ ಬೇರೆ ಇಡಿ, ಅದರಾಚೆಯವುಗಳ ಲೆಕ್ಕ ಬೇರೆ ಇಡಿ. ಹತ್ತಿರಕ್ಕೆ ಗೆದ್ದ ಆಂಟೆನಾ ದೂರಕ್ಕೆ ಸೋತಿರುವುದು ಆ ಎರಡು ಪಟ್ಟಿಗಳಲ್ಲೇ ಕಾಣುತ್ತದೆ.